ಐರ್ಲೆಂಡಿನ ಆಲ್ಟನ್ ಮೇಳ

ನಮ್ಮ ನಾಡಿನಲ್ಲಿ ಪಿಟೀಲನ್ನು ಅರಿಯದವರು ವಿರಳ. 'ಫಿಡಲ್' ಎಂಬ ಇಂಗ್ಲಿಷ್ ಶಬ್ದವೇ ನಮ್ಮ ನಾಲಗೆಗೆ ಹೊಂದಿಕೊಂಡು ಪಿಟೀಲಾಯಿತು. ನಮ್ಮ ವಿದ್ವಾಂಸರು ಕುಳಿತು, ಅದರ ತುದಿಯನ್ನು ಪಾದಕ್ಕೆ ಆನಿಸಿ ರಾಗವನ್ನು ವಿಸ್ತರಿಸುವರು. ಐರ್ಲೆಂಡಿನ ಹಳ್ಳಿಗರು ಅದನ್ನೇ ಭುಜದ ಮೇಲಿರಿಸಿಕೊಂಡು ಕುಣಿತಕ್ಕೆ ನುಡಿಸುವರು. ಆ ಹಳ್ಳಿಯ ಸಂಗೀತವನ್ನು ಇಂದು ದೇಶದೇಶಗಳ ಸಭೆಗಳಲ್ಲಿ ಕೇಳಿಸುತ್ತಿರುವ 'ಆಲ್ಟನ್' ಎಂಬ ಮೇಳದ ವಿಷಯವನ್ನು ಸಂಗ್ರಹವಾಗಿ ತಿಳಿಸುವುದು ನಮ್ಮ ಉದ್ದೇಶವು.

ಐರಿಷ್, ಸ್ಕಾಟ್ಲೆಂಡಿನ ಗೇಲಿಕ್, ವೇಲ್ಸ್ ಮತ್ತು ಬ್ರಿಟನಿ ಪ್ರಾಂತಗಳ ಭಾಷೆಗಳು ಒಂದೇ ಕುಟುಂಬಕ್ಕೆ ಸೇರಿದವು. ಆ ಕುಟುಂಬಕ್ಕೆ ಕೆಲ್ಟಿಕ್ ಎಂದು ಹೆಸರು. ಆ ಜನರ ಸಂಗೀತವನ್ನೂ ಅದೇ ಹೆಸರಿನಿಂದ ಕರೆಯುವ ರೂಢಿಯುಂಟು. ಹಿಂದೆ ಐರ್ಲೆಂಡಿನಲ್ಲೆಲ್ಲಾ ಐರಿಷ್ ಭಾಷೆಯು ಹರಡಿತ್ತು. ಇಂಗ್ಲಿಷರ ಆಳ್ವಿಕೆಯಲ್ಲಿ ಅದು ಕುಗ್ಗಿತು. 1845ರಲ್ಲಿ ಆರಂಭವಾದ ಭೀಕರ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಮಡಿದರು. ಅದಕ್ಕೂ ಹೆಚ್ಚು ಮಂದಿ ಸಮುದ್ರ ದಾಟಿ ಹೋದರು. ಅವರಲ್ಲಿ ಬಹಳ ಜನರು ಐರಿಷ್ ಆಡುತ್ತಿದ್ದ ಬಡವರೇ. 2022ರ ಜನಗಣತಿಯ ಪ್ರಕಾರ ಶಾಲೆಯ ಹೊರಗೆ ದಿನವೂ ಆ ಭಾಷೆಯನ್ನಾಡುವವರು ಸುಮಾರು 72 ಸಾವಿರ ಮಂದಿ ಮಾತ್ರ. ಅದು ಇನ್ನೂ ಮನೆಮಾತಾಗಿ ಉಳಿದಿರುವ ಪ್ರದೇಶಗಳಲ್ಲಿ ವಾಯವ್ಯ ದಿಕ್ಕಿನ ಡೊನೆಗಾಲ್ ಒಂದು. ಅಲ್ಲಿನ ಎರಿಗಲ್ ಪರ್ವತದ ಬಳಿಯಿರುವ ಸರೋವರದ ಹೆಸರೇ ಆಲ್ಟನ್.

ಮೇಳದ ನಾಯಕಿಯು ಮರೇಡ್ ನೀ ವೀನಿ ಎಂಬ ಮಹಿಳೆ. ಈಕೆಯ ತಂದೆಯವರು ಗ್ವೀಡೋರ್ ಎಂಬಲ್ಲಿ ಉಪಾಧ್ಯಾಯರಾಗಿದ್ದರು, ಒಳ್ಳೆಯ ಪಿಟೀಲುವಾದಕರೂ ಆಗಿದ್ದರು. ಮಗಳಿಗೆ ಅವರೇ ಮೊದಲ ಗುರುಗಳು. ಐರಿಷ್ ಕಲಿಯುವುದಕ್ಕಾಗಿ ಬೆಲ್‌ಫಾಸ್ಟ್ ನಗರದಿಂದ ಬಂದ ಫ್ರಾಂಕಿ ಕೆನೆಡಿ ಎಂಬ ತರುಣನು ಈಕೆಯ ವಾದನಕ್ಕೆ ಮನಸೋತು, ತಾನೂ ಕೊಳಲನ್ನು ಅಭ್ಯಾಸ ಮಾಡಿದನು. ಅವರಿಬ್ಬರೂ ವಿವಾಹವಾಗಿ, ಡಬ್ಲಿನ್ ಪ್ರಾಂತದ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದು, 1987ರಲ್ಲಿ ಆ ಉದ್ಯೋಗವನ್ನು ಬಿಟ್ಟು ಸಂಗೀತಕ್ಕೇ ತಮ್ಮನ್ನು ಒಪ್ಪಿಸಿಕೊಂಡರು.

ಸಭೆಯಲ್ಲಿ ಇವರು ನುಡಿಸುವ ಕ್ರಮವು ಹೀಗಿದೆ. 'ಜಿಗ್' ಎಂಬುದು ನಮ್ಮ ತಿಶ್ರನಡೆಯನ್ನೂ, 'ರೀಲ್' ಎಂಬುದು ಚತುರಶ್ರನಡೆಯನ್ನೂ ಹೋಲುವ ಕುಣಿತದ ಮಟ್ಟುಗಳು. ಒಂದೊಂದು ಮಟ್ಟಿಗೂ ಸಾಮಾನ್ಯವಾಗಿ ಎರಡು ಭಾಗಗಳು. ಒಂದೊಂದು ಭಾಗವನ್ನೂ ಎರಡು ಬಾರಿ ನುಡಿಸುವರು. ಮಟ್ಟನ್ನು ಎರಡು ಮೂರು ಸಲ ಸುತ್ತಿ, ಸ್ವಲ್ಪವೂ ನಿಲ್ಲದೆ ಮುಂದಿನ ಮಟ್ಟಿಗೆ ಹಾರುವರು. ಆ ತಿರುವಿನಲ್ಲಿ ಆಧಾರ ಸ್ವರವೂ ಬದಲಾಗುವುದುಂಟು. ಆಗಲೇ ಸಭಿಕರ ಹರ್ಷೋದ್ಗಾರವು ಹೊಮ್ಮುವುದು. ಎರಡು ಪಿಟೀಲುಗಳು ಜೊತೆಗೂಡಿದಾಗ ಒಮ್ಮೆ ಏಕಸ್ವರದಲ್ಲಿಯೂ, ಒಮ್ಮೆ ಒಂದು ಮೇಲಿನ ಸ್ಥಾಯಿಯಲ್ಲಿ ಮತ್ತೊಂದು ಕೆಳಗಿನ ಸ್ಥಾಯಿಯಲ್ಲಿಯೂ ಸಾಗುವುದು ಡೊನೆಗಾಲಿನ ಪದ್ಧತಿ. ಕಮಾನಿನ ಚುರುಕಾದ, ಬಿಡಿಬಿಡಿಯಾದ ಎಳೆತವೂ ಅಲ್ಲಿಯ ಲಕ್ಷಣವೇ. ಸ್ಕಾಟ್ಲೆಂಡಿನ ಹೊಲಗಳಿಗೆ ಕೂಲಿಗೆ ಹೋಗಿ ಬರುತ್ತಿದ್ದ ಬಡವರು ಅಲ್ಲಿನ ಮಟ್ಟುಗಳನ್ನೂ ತಂದರು. ತಗಡಿನ ಕೆಲಸ ಮಾಡುತ್ತ ಊರೂರು ಅಲೆಯುತ್ತಿದ್ದ ಮನೆತನದವರಾದ ಜಾನ್ ಡೊಹರ್ಟಿಯವರು ಇಂತಹ ಮಟ್ಟುಗಳ ಭಂಡಾರವೇ ಆಗಿದ್ದು 1980ರಲ್ಲಿ ತೀರಿಕೊಂಡರು. ಇದೆಲ್ಲವೂ ಬರಹಕ್ಕಿಂತ ಹೆಚ್ಚಾಗಿ ಕಿವಿಯಿಂದ ಕಿವಿಗೆ ಬಂದ ವಿದ್ಯೆ.

ಹಿಂದೆ ಒಲೆಯ ಬಳಿ ಒಬ್ಬನೇ ನುಡಿಸುತ್ತಿದ್ದುದನ್ನು ಈ ಮೇಳದವರು ಗಿಟಾರ್, ಅಕಾರ್ಡಿಯನ್, ಹಾಗೂ 1960ರ ದಶಕದಲ್ಲಿ ಐರ್ಲೆಂಡಿಗೆ ಬಂದ ಗ್ರೀಕರ ತಂತಿವಾದ್ಯವಾದ ಬುಝೂಕಿ, ಇವುಗಳ ಆಸರೆಯೊಡನೆ ನುಡಿಸುವರು. ಆಸರೆಯು ಹೊಸದು, ಮಟ್ಟು ಹಳೆಯದು. ನಡುವೆ ವಾದ್ಯಗಳ ಭರವು ತಗ್ಗಿ, ಮರೇಡ್ ಐರಿಷ್ ಹಾಡನ್ನೆತ್ತುವರು. ಭಾಷೆಯನ್ನರಿಯದ ಸಭಿಕರಿಗೆ ಅದರ ಕಥೆಯನ್ನು ಮೊದಲು ಇಂಗ್ಲಿಷಿನಲ್ಲಿ ತಿಳಿಸಿ, ಆಮೇಲೆ ಹಾಡನ್ನು ಮಾತ್ರ ತಮ್ಮ ನುಡಿಯಲ್ಲಿಯೇ ಹಾಡುವರು.

ಈ ಮೇಳವು ನಿಂತುಹೋಗಬಹುದಾಗಿದ್ದ ಕಾಲವೂ ಒಂದಿತ್ತು. ಫ್ರಾಂಕಿಯವರಿಗೆ ಕ್ಯಾನ್ಸರ್ ರೋಗವು ತಗಲಿ, ನಲವತ್ತು ತುಂಬುವ ಮೊದಲೇ, 1994ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಮೇಳವು ಮುಂದುವರಿಯಬೇಕೆಂಬುದು ಅವರ ಇಚ್ಛೆಯಾಗಿತ್ತು. ಪತಿಯೊಡನೆ ಕಟ್ಟಿದುದನ್ನು ಪತಿಯಿಲ್ಲದೆ ನಡೆಸುವ ಭಾರವು ಮರೇಡರ ಪಾಲಿಗೆ ಬಂದಿತು. ಅವರು ಅದನ್ನು ಇಳಿಸಲಿಲ್ಲ. ಫ್ರಾಂಕಿಯವರ ಹೆಸರಿನಲ್ಲಿ ಗ್ವೀಡೋರಿನಲ್ಲಿ ಚಳಿಗಾಲದ ಸಂಗೀತ ಶಾಲೆಯೊಂದು ಅನೇಕ ವರ್ಷ ನಡೆಯಿತು. 2024ರಲ್ಲಿ ಮೇಳದವರು ಹೊರತಂದ ಧ್ವನಿಮುದ್ರಿಕೆಗೆ 'ಡೊನೆಗಾಲ್' ಎಂದೇ ಹೆಸರು.

ಭಾಷೆಯೂ ಸಂಗೀತವೂ ಗ್ರಂಥಭಂಡಾರದಲ್ಲಿದ್ದ ಮಾತ್ರಕ್ಕೆ ಬದುಕುವುದಿಲ್ಲ. ತಂದೆಯು ಮಗಳಿಗೆ, ಮಗಳು ಗೆಳೆಯನಿಗೆ, ಅವರಿಬ್ಬರೂ ಲೋಕಕ್ಕೆ ಕಲಿಸಿದುದರಿಂದ ಅವು ಬದುಕಿದವು. ನಮ್ಮ ಅಜ್ಜಿಯರ ಸೋಬಾನೆ ಪದಗಳನ್ನೂ ಬೀಸುವ ಪದಗಳನ್ನೂ ಬಲ್ಲವರು ಇನ್ನೂ ನಮ್ಮ ಮನೆಗಳಲ್ಲಿರುವಾಗಲೇ ಮಕ್ಕಳನ್ನು ಅವರ ಬಳಿ ಕುಳ್ಳಿರಿಸಬೇಕೆಂದು ತಾಯಿತಂದೆಗಳಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ಬಿನ್ನಹ.