ಮುಕ್ತಿನಾಥಕ್ಕೆ ಮುಂಗಡ ಕೊಡುವ ಮುನ್ನ

ಶಿವಮೊಗ್ಗದಲ್ಲೊಂದು ಹೊಸಮನೆ ಬಡಾವಣೆ, ಇಪ್ಪತ್ತು ಕಿಲೋಮೀಟರ್ ಆಚೆ ಭದ್ರಾವತಿಯಲ್ಲಿ ಇನ್ನೊಂದು. ಶಾಲೆ, ಬ್ಯಾಂಕು, ವಿಐಎಸ್‌ಎಲ್, ಎಂಪಿಎಂ ಕಾರ್ಖಾನೆಗಳು ಎಂದು ದುಡಿದು ನಿವೃತ್ತರಾದವರು ಎರಡೂ ಕಡೆ ಇದ್ದಾರೆ. ಕಾಶಿ, ರಾಮೇಶ್ವರ ಮುಗಿಸಿದ ಇಂಥ ಮನೆಗಳಲ್ಲಿ ಮುಂದಿನ ಮಾತು ನೇಪಾಳದ್ದು. ಟೂರಿನವರ ಕರಪತ್ರ ಕೈಗೆ ಬಂದೊಡನೆ ನಾವು ಕೇಳುವುದು ಎರಡೇ: ತಲೆಗೆ ಎಷ್ಟು, ಅಡುಗೆಯವರು ಜೊತೆಗೆ ಬರುತ್ತಾರೋ ಇಲ್ಲವೋ. ಅನ್ನ ಸಾರು ಬೇಕು, ನಿಜ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಅಲ್ಲಿನ ಮುಕ್ತಿನಾಥ ಕ್ಷೇತ್ರಕ್ಕೆ ಎಷ್ಟು ದಿನ ಇಟ್ಟಿದ್ದಾರೆ ಎಂಬುದನ್ನು.

ಎತ್ತರದ ಲೆಕ್ಕ ನೋಡಿ. ನಮ್ಮ ಕೊಡಚಾದ್ರಿ 1,343 ಮೀಟರ್. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಮುಕ್ತಿನಾಥ ಇರುವುದು ಸುಮಾರು 3,700 ಮೀಟರ್ ಎತ್ತರದಲ್ಲಿ. ಪೋಖರಾ ನಮ್ಮ ಊರಿಗಿಂತ ತುಸುವೇ ಮೇಲೆ, 800 ಮೀಟರ್ ಆಸುಪಾಸು. ಅಲ್ಲಿ ಬೆಳಿಗ್ಗೆ ಪುಟ್ಟ ವಿಮಾನ ಹತ್ತಿದರೆ ಇಪ್ಪತ್ತು ಚಿಲ್ಲರೆ ನಿಮಿಷಕ್ಕೆ 2,700 ಮೀಟರಿನ ಜೋಮ್ಸೋಮ್. ಅಲ್ಲಿಂದ ಜೀಪು. ಊಟದ ಹೊತ್ತಿಗೆ ದೇವಸ್ಥಾನ! ಎಪ್ಪತ್ತರ ಹರೆಯದ ದೇಹ ಒಂದೇ ಬೆಳಗಿನಲ್ಲಿ ಮೂರು ಸಾವಿರ ಮೀಟರಿನಷ್ಟು ಏರಿರುತ್ತದೆ. 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಯಾರಿಗಾದರೂ ಆಗಬಹುದು. ಗಟ್ಟಿಮುಟ್ಟಾಗಿದ್ದೇನೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ಹೋದವರ ಆಸೆಯೂ ದೊಡ್ಡದು. ವೈಷ್ಣವರ 108 ದಿವ್ಯಕ್ಷೇತ್ರಗಳಲ್ಲಿ ಇದೊಂದು. ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಹುಟ್ಟುವುದು ಇಲ್ಲಿನ ಕಾಳಿಗಂಡಕಿ ನದಿಯ ಕಣಿವೆಯಲ್ಲಿ. ಗುಡಿಯ ಹಿಂದೆ ಸಾಲಾಗಿ 108 ನೀರಿನ ಧಾರೆಗಳು. ಅಷ್ಟಕ್ಕೂ ತಲೆಯೊಡ್ಡದೆ ಬರಲು ಯಾರಿಗೂ ಮನಸ್ಸಾಗದು. ಆ ನೀರು ಮಂಜುಗಡ್ಡೆಯಷ್ಟು ತಣ್ಣಗೆ. ಜೀಪು ನಿಲ್ಲುವ ರಾಣಿಪೌವಾದಿಂದ ಏರುದಾರಿಯಲ್ಲಿ ನಡೆದು ಏದುಸಿರು ಬಿಡುತ್ತಿರುವಾಗಲೇ ಅದನ್ನು ಸುರಿದುಕೊಳ್ಳುವುದು ಹೃದಯದ ತೊಂದರೆ ಇರುವವರಿಗೆ ಅಪಾಯ. ಪ್ರೋಕ್ಷಣೆಯೂ ಸ್ನಾನವೇ. ಇದನ್ನು ಮನೆಯಲ್ಲೇ ಮಾತಾಡಿ ಒಪ್ಪಿಸಿಕೊಂಡು ಹೊರಡಬೇಕು. ವೈದ್ಯರನ್ನು ಕಾಣುವಾಗ ‘ನೇಪಾಳಕ್ಕೆ ಹೋಗ್ತಿದ್ದೀನಿ’ ಎಂದರೆ ಸಾಲದು, ಎಷ್ಟು ಎತ್ತರ, ಎಷ್ಟು ಗಂಟೆಯಲ್ಲಿ ಎಂದೂ ಹೇಳಿ.

ಆದ್ದರಿಂದ ಟೂರಿನವರ ಮುಂದೆ ಇಡಬೇಕಾದ ಬೇಡಿಕೆ ಇದು: ಜೋಮ್ಸೋಮ್‌ನಲ್ಲೋ ಕಾಗ್‌ಬೇನಿಯಲ್ಲೋ ಒಂದು ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಮೇಲೆ ಹೋಗಿ, ದರ್ಶನ ಮಾಡಿ ಕೆಳಗಿಳಿಯಬೇಕು. ಪೋಖರಾದಲ್ಲಿ ಒಂದು ದಿನ ಖಾಲಿ ಇರಬೇಕು. ಮಧ್ಯಾಹ್ನವಾದರೆ ಕಾಳಿಗಂಡಕಿ ಕಣಿವೆಯಲ್ಲಿ ಬಿರುಗಾಳಿ ಏಳುವುದರಿಂದ ಜೋಮ್ಸೋಮ್ ವಿಮಾನಗಳು ಬೆಳಗಿನ ಹೊತ್ತು ಮಾತ್ರ. ಮೋಡ ಕವಿದರೆ ಅವೂ ಇಲ್ಲ. 2022ರ ಮೇ 29ರಂದು ಇದೇ ದಾರಿಯಲ್ಲಿ ವಿಮಾನ ಬೆಟ್ಟಕ್ಕೆ ಅಪ್ಪಳಿಸಿ 22 ಜನ ತೀರಿಕೊಂಡರು. ಹವಾಮಾನ ಸರಿಯಿಲ್ಲ ಎಂದು ವಿಮಾನದವರು ಹಾರಾಟ ನಿಲ್ಲಿಸಿದರೆ ಜಗಳ ಆಡಬೇಡಿ. ಪೋಖರಾದಿಂದ ಬೇನಿ ಊರಿನ ಮೇಲೆ ಹೋಗುವ ರಸ್ತೆಯೂ ಇದೆ, ಆದರೆ ಮೈಕೈ ನುಗ್ಗಾಗುತ್ತದೆ, ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ.

ಕಾಗದಪತ್ರ ಸುಲಭ. ಭಾರತೀಯರಿಗೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ನಡೆಯುವುದು 65 ದಾಟಿದವರಿಗೆ ಮತ್ತು 15ರೊಳಗಿನ ಮಕ್ಕಳಿಗೆ ಮಾತ್ರ. ಅಜ್ಜ ಅಜ್ಜಿಗೆ ತೊಡಕಿಲ್ಲ, ಜೊತೆಗೆ ಹೊರಟ ಮಗನಿಗೆ ತೊಡಕು. ಇನಿಷಿಯಲ್ ಚೀಟಿಯಲ್ಲಿ ಒಂದು ಥರ, ಟಿಕೆಟ್‌ನಲ್ಲಿ ಇನ್ನೊಂದು ಥರ ಆಗದಂತೆ ನೋಡಿಕೊಳ್ಳಿ. ನಮ್ಮ 100 ರೂಪಾಯಿಗೆ ಅಲ್ಲಿ 160. ನೂರರ ನೋಟುಗಳನ್ನೇ ಒಯ್ಯುವುದು ಕ್ಷೇಮ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪ್ರವೇಶ ಪರವಾನಗಿ, ಹೆಲಿಕಾಪ್ಟರ್ ರಕ್ಷಣೆ ಸಮೇತದ ವಿಮೆ ಪ್ಯಾಕೇಜಿನಲ್ಲಿ ಸೇರಿವೆಯೇ ಎಂದು ಬರೆಸಿಕೊಳ್ಳಿ. 2025ರ ಸೆಪ್ಟೆಂಬರಿನ ಗಲಭೆಯಲ್ಲಿ ಕಾಠ್ಮಂಡು ವಿಮಾನ ನಿಲ್ದಾಣವೇ ಮುಚ್ಚಿತ್ತು. ಅಂಥ ದಿನ ಉಳಿಯುವ ಖರ್ಚು ಯಾರದು ಎಂಬುದನ್ನೂ ಕೇಳಿ.

ದಸರಾ ರಜೆಗೇ ಹೋಗೋಣ ಎನ್ನುವವರು ಗಮನಿಸಿ, ಅದೇ ಹೊತ್ತಿಗೆ ಅಲ್ಲಿ ದಶೈಂ, ನೇಪಾಳಿಗಳ ದೊಡ್ಡ ಹಬ್ಬ. ಎಲ್ಲರೂ ಊರಿಗೆ ಹೊರಡುವುದರಿಂದ ಬಸ್ಸು, ವಿಮಾನ ತುಂಬಿರುತ್ತವೆ. ಹಬ್ಬ ಕಳೆದು ನವೆಂಬರಿನಲ್ಲಿ ಹೋದರೆ ಆಕಾಶ ತಿಳಿ, ದಾರಿಯೂ ಸಲೀಸು.

ಕಾಠ್ಮಂಡುವಿನ ಪಶುಪತಿನಾಥ ದೇವಸ್ಥಾನದ ಬಗ್ಗೆ ಹೇಳದಿದ್ದರೆ ಕನ್ನಡಿಗರ ನೇಪಾಳ ಪೂರ್ತಿಯಾಗದು. ಅಲ್ಲಿ ಲಿಂಗ ಮುಟ್ಟಿ ಪೂಜಿಸುವ ಹಕ್ಕು ದಕ್ಷಿಣದ ಭಟ್ಟರದ್ದು, ಈಗಿನ ಕಾಲದಲ್ಲಿ ಬಹುಪಾಲು ಕರ್ನಾಟಕದವರದ್ದು. 2008ರ ಕೊನೆಯಲ್ಲಿ ಮಾವೋವಾದಿ ಸರ್ಕಾರ ನೇಪಾಳಿ ಅರ್ಚಕರನ್ನು ಕೂರಿಸಲು ಹೋಗಿ, ಬೀದಿಯಲ್ಲೂ ನ್ಯಾಯಾಲಯದಲ್ಲೂ ವಿರೋಧ ಎದ್ದು, 2009ರ ಜನವರಿಯಲ್ಲಿ ಹಿಂದೆಗೆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕರ್ನಾಟಕದಿಂದ ಹೊಸದಾಗಿ ಹೋದ ಇಬ್ಬರು ಭಟ್ಟರ ಮೇಲೆ ಹಲ್ಲೆಯಾಯಿತು. ಆದರೂ ಪರಂಪರೆ ಮುರಿಯಲಿಲ್ಲ. ಇಷ್ಟು ತಿಳಿದು ಆ ಗರ್ಭಗುಡಿಯ ಮುಂದೆ ನಿಂತರೆ ದರ್ಶನಕ್ಕೆ ತೂಕವೇ ಬೇರೆ. ಬೆಳಗಿನ ಪೂಜೆ, ಸಂಜೆ ಬಾಗ್ಮತಿ ದಡದ ಆರತಿ ಎರಡೂ ಸಿಗಬೇಕಾದರೆ ಕಾಠ್ಮಂಡುವಿನಲ್ಲಿ ಎರಡು ರಾತ್ರಿ ಬೇಕು. ಕರಪತ್ರದಲ್ಲಿ ಒಂದೇ ಇದ್ದರೆ, ಮುಂಗಡ ಕೊಡುವ ಮೊದಲೇ ಬದಲಾಯಿಸಲು ಹೇಳಿ.