ಗ್ಯಾರೇಜಿನ ಗೋಡೆಗೆ ತೇವ ಬರುವುದೆಲ್ಲಿಂದ?

ಮಳೆಗಾಲ ಹಿಡಿದು ಹದಿನೈದು ದಿನಗಳು ಕಳೆಯುವುದರೊಳಗಾಗಿ ಮಲೆನಾಡಿನ ಇಟ್ಟಿಗೆಯ ಗ್ಯಾರೇಜುಗಳಲ್ಲಿ ಒಂದೇ ಬಗೆಯ ಲಕ್ಷಣಗಳು ತೋರುವುದುಂಟು. ಗೋಡೆಯ ಬುಡ ಕಪ್ಪಾಗುತ್ತದೆ. ಸುಣ್ಣ ಹೊಪ್ಪಳೆ ಎದ್ದು ಉದುರುತ್ತದೆ. ಮೂಲೆಯಲ್ಲಿಟ್ಟ ಸಲಕರಣೆಗಳಿಗೆ ತುಕ್ಕು ಹತ್ತುತ್ತದೆ. ಒಡನೆಯೆ ಗಾರೆ ಕೆಲಸದವರನ್ನು ಕರೆಯಿಸಿ ಒಳಗಡೆ ಸಿಮೆಂಟಿನ ಗಿಲಾವು ಮಾಡಿಸುವುದು ವಾಡಿಕೆ. ಮುಂದಿನ ಮಳೆಗಾಲದಲ್ಲಿ ತೇವವು ಗಿಲಾವನ್ನು ದಾಟಿ ಇನ್ನಷ್ಟು ಎತ್ತರದಲ್ಲಿ ಕಾಣಿಸಿಕೊಳ್ಳುತ್ತದೆ. ಹಣ ಹೋಯಿತು, ರೋಗ ಉಳಿಯಿತು. ಹೀಗಾಗಲು ಕಾರಣವೇನು? ತೇವ ಬರಲು ಮೂರು ದಾರಿಗಳಿವೆ. ಮೂರಕ್ಕೂ ಒಂದೇ ಮದ್ದು ಸಲ್ಲದು.

ಮೊದಲನೆಯ ದಾರಿ ನೆಲದಿಂದ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಸೆಳೆಯುವಂತೆ ಇಟ್ಟಿಗೆಯು ಮಣ್ಣಿನ ನೀರನ್ನು ಸೆಳೆಯುತ್ತದೆ. ನಾಳವು ಕಿರಿದಾದಷ್ಟೂ ನೀರು ಹೆಚ್ಚು ಎತ್ತರಕ್ಕೆ ಏರುವುದೆಂಬ ನಿಯಮವನ್ನು ಇಂಗ್ಲೆಂಡಿನ ವೈದ್ಯ ಜೇಮ್ಸ್ ಜುರಿನ್ ೧೭೧೮ರಲ್ಲಿ ತಿಳಿಸಿದನು. ಲೆಕ್ಕ ಸರಳವಾದುದು. ೧ ಮಿಲಿಮೀಟರು ತ್ರಿಜ್ಯದ ಗಾಜಿನ ನಾಳದಲ್ಲಿ ನೀರು ಸುಮಾರು ೧.೫ ಸೆಂಟಿಮೀಟರು ಏರುತ್ತದೆ. ತ್ರಿಜ್ಯವು ಅದರ ನೂರನೆಯ ಒಂದು ಭಾಗವಾದರೆ ಸುಮಾರು ೧.೫ ಮೀಟರು! ಇಟ್ಟಿಗೆಯ ರಂಧ್ರಗಳಲ್ಲಿ ಅನೇಕವು ಇದಕ್ಕಿಂತಲೂ ಸೂಕ್ಷ್ಮವಾದುವು. ಆದರೂ ನೀರು ಸೂರಿನವರೆಗೆ ಏರುವುದಿಲ್ಲ. ಏಕೆಂದರೆ ಏರಿದ ನೀರು ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತಿರುತ್ತದೆ. ಏರಿಕೆಯೂ ಆರಿಕೆಯೂ ಸರಿದೂಗಿದಲ್ಲಿ ತೇವದ ಗೆರೆ ನಿಲ್ಲುತ್ತದೆ. ಸಿಮೆಂಟಿನ ಗಿಲಾವು ಈ ಆರಿಕೆಯನ್ನು ತಡೆಯುತ್ತದೆ. ಆದುದರಿಂದಲೇ ಗೆರೆ ಮತ್ತೂ ಮೇಲಕ್ಕೆ ಹೋಗುತ್ತದೆ. ನೀರಿನೊಡನೆ ಬಂದ ಲವಣಗಳು ಆರುವೆಡೆಯಲ್ಲಿ ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿಗುಟ್ಟುತ್ತವೆ.

ಹೊಸದಾಗಿ ಕಟ್ಟುವವರು ತಳಪಾಯಕ್ಕೂ ಗೋಡೆಗೂ ನಡುವೆ, ಗೋಡೆಯ ಪೂರ್ಣ ದಪ್ಪಕ್ಕೆ, ನೀರು ಹಾಯದ ಒಂದು ಪದರವನ್ನು ಹಾಕಿಸಬೇಕು. ಸುಮಾರು ೪ ಸೆಂಟಿಮೀಟರಿನ ಗಟ್ಟಿ ಕಾಂಕ್ರೀಟು, ಅದರ ಮೇಲೆ ಕಾಸಿದ ಡಾಮರು ಸಾಕು. ಕಗ್ಗಲ್ಲಿನ ತಳಪಾಯವಿದೆಯೆಂದು ನಿಶ್ಚಿಂತರಾಗಲಾಗದು. ಕಲ್ಲು ನೀರನ್ನು ಹೀರದಿದ್ದರೂ ಕಲ್ಲುಗಳ ಸಂದಿನ ಗಾರೆ ಹೀರುತ್ತದೆ. ನೆಲಕ್ಕೆ ಒಂದು ಗೇಣಿನಷ್ಟು ದಪ್ಪ ಜಲ್ಲಿಯನ್ನು ಹರಡಿ, ಮೇಲೆ ಪಾಲಿಥೀನ್ ಹಾಳೆಯನ್ನು ಹಾಸಿ ಕಾಂಕ್ರೀಟು ಹಾಕಬೇಕು. ಜಲ್ಲಿಯ ನಡುವಣ ಸಂದು ೫ ಮಿಲಿಮೀಟರು ತ್ರಿಜ್ಯದ್ದಾದರೆ ನೀರು ೩ ಮಿಲಿಮೀಟರು ಮಾತ್ರ ಏರಬಲ್ಲುದು. ಹಳೆಯ ಕಟ್ಟಡದಲ್ಲಿಯಾದರೆ, ಹೊರಗಡೆ ಗೋಡೆಗೆ ಒತ್ತಿಕೊಂಡ ಮಣ್ಣನ್ನು ತೆಗೆದು, ಅಂಗಳವನ್ನು ಒಳನೆಲಕ್ಕಿಂತ ೧೫ ಸೆಂಟಿಮೀಟರಾದರೂ ತಗ್ಗಿಸುವುದು ಮೊದಲ ಕೆಲಸ.

ಎರಡನೆಯ ದಾರಿ ಪಕ್ಕದಿಂದ, ಎಂದರೆ ಇರಚಲು ಮಳೆಯಿಂದ. ನಮ್ಮಲ್ಲಿ ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯಗಳಿಂದ ಬೀಸುವುದರಿಂದ ಆ ಕಡೆಯ ಗೋಡೆಗಳಿಗೇ ಪೆಟ್ಟು ಹೆಚ್ಚು. ಮಲೆನಾಡಿನ ಹಿರಿಯರು ಮಳೆಗಾಲಕ್ಕೆ ಮುಂಚೆ ಅಡಕೆಯ ಸೋಗೆಯ ತಟ್ಟಿಗಳನ್ನು ಕಟ್ಟಿ ಗೋಡೆಯನ್ನು ಮರೆಮಾಡುತ್ತಿದ್ದರು. ಇದರಲ್ಲಿ ಅಡಗಿರುವ ತತ್ತ್ವ ಉತ್ತಮವಾದುದು: ನೀರು ಗೋಡೆಯನ್ನು ಮುಟ್ಟದಿರಲಿ, ಗಾಳಿ ಮುಟ್ಟಲಿ. ಅಗಲವಾದ ಸೂರು, ಸೋರದ ದೋಣಿ, ಗಾರೆ ತುಂಬಿದ ಸಂದುಗಳು ಇದೇ ಕೆಲಸವನ್ನು ಮಾಡುತ್ತವೆ.

ಮೂರನೆಯ ದಾರಿಯನ್ನು ಬಹು ಜನರು ಗಮನಿಸುವುದಿಲ್ಲ, ಅದು ಗಾಳಿಯಿಂದ. ಹೊರಗಿನ ಗಾಳಿ ೩೦ ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದು ಅದರ ಆರ್ದ್ರತೆ ಶೇಕಡಾ ೮೦ ಆಗಿರಲಿ. ಪ್ರತಿ ಘನಮೀಟರಿನಲ್ಲಿ ಸುಮಾರು ೨೪ ಗ್ರಾಂ ಆವಿ ಇರುತ್ತದೆ. ೨೪ ಡಿಗ್ರಿಯ ತಂಪು ನೆಲವನ್ನು ಸೋಕಿದಾಗ ಆ ಗಾಳಿ ೨೨ ಗ್ರಾಮಿನಷ್ಟನ್ನು ಮಾತ್ರ ಹೊರಬಲ್ಲುದು. ಮಿಕ್ಕುದು ನೆಲದ ಮೇಲೆ ಬೆವರಾಗಿ ಇಳಿಯುತ್ತದೆ. ಇನ್ನು ಕಾರಿನಿಂದ ತೊಟ್ಟಿಕ್ಕುವ ನೀರು. ೬ ಮೀಟರು ಉದ್ದ, ೩ ಮೀಟರು ಅಗಲ, ೩ ಮೀಟರು ಎತ್ತರದ ಕೋಣೆಯ ಗಾಳಿಯೆಲ್ಲವೂ ೨೫ ಡಿಗ್ರಿಯಲ್ಲಿ ಹಿಡಿದಿಡಬಲ್ಲ ನೀರು ಕೇವಲ ಒಂದೂಕಾಲು ಲೀಟರು! ನೆನೆದ ಕಾರನ್ನು ಒಳಗಿಟ್ಟು ಬಾಗಿಲನ್ನು ಭದ್ರಪಡಿಸಿದರೆ ಗೋಡೆ ಒದ್ದೆಯಾಗುವುದರಲ್ಲಿ ಆಶ್ಚರ್ಯವಿಲ್ಲ. ಆರ್ದ್ರತೆ ಶೇಕಡಾ ೬೦ನ್ನು ಮೀರಿದರೆ ಕಬ್ಬಿಣದ ತುಕ್ಕು ಬಲುಬೇಗ ಹೆಚ್ಚುವುದರಿಂದ ಕಾರಿಗೂ ಕೇಡು. ಎದುರುಬದುರು ಗೋಡೆಗಳಲ್ಲಿ, ಒಂದರ ಬುಡದಲ್ಲಿಯೂ ಇನ್ನೊಂದರ ನೆತ್ತಿಯಲ್ಲಿಯೂ ಗಾಳಿಕಿಂಡಿಗಳಿದ್ದು, ನೆಲವು ಬಾಗಿಲ ಕಡೆಗೆ ಇಳಿಜಾರಾಗಿದ್ದರೆ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ.

ಇವುಗಳಲ್ಲಿ ಯಾವುದು ನಮ್ಮ ಗೋಡೆಯ ಕಾಯಿಲೆ? ವಾಚಕರು ತಾವೇ ಪರೀಕ್ಷಿಸಬಹುದು. ಒಂದು ಗೇಣು ಚದರದ ಅಲ್ಯೂಮಿನಿಯಂ ತೆಳುಹಾಳೆಯನ್ನು ಗೋಡೆಗಿಟ್ಟು ನಾಲ್ಕು ಅಂಚುಗಳನ್ನೂ ಅಂಟುಪಟ್ಟಿಯಿಂದ ಮುಚ್ಚಿ ಎರಡು ದಿನ ಬಿಡಿರಿ. ಹಾಳೆಯ ಹೊರಮೈ ಬೆವತರೆ ನೀರು ಗಾಳಿಯದು. ಹಿಂಬದಿ ಒದ್ದೆಯಾದರೆ ಗೋಡೆಯದು. ಗೋಡೆಯದಾದಲ್ಲಿ ಕಲೆಯ ಆಕಾರವನ್ನು ನೋಡಿರಿ. ಎಲ್ಲ ಗೋಡೆಗಳ ಬುಡದಲ್ಲಿಯೂ ಪಟ್ಟಿಯಂತೆ ಹಬ್ಬಿದ್ದರೆ ನೆಲದ ನೀರು. ಗಾಳಿ ಬೀಸುವ ಕಡೆಯ ಗೋಡೆಯೊಂದರಲ್ಲಿ ಮಳೆಯ ಬೆನ್ನಿಗೇ ಮೂಡಿದರೆ ಇರಚಲಿನ ನೀರು.

ಪರೀಕ್ಷೆಗೆ ತಗಲುವ ವೆಚ್ಚ ಇಲ್ಲವೆಂಬಷ್ಟು ಅಲ್ಪ. ಬಳಿಕ ಕೆಲವರಿಗೆ ಗುದ್ದಲಿ ಸಾಕಾದೀತು, ಕೆಲವರಿಗೆ ಎರಡು ಗಾಳಿಕಿಂಡಿಗಳು. ಗಾರೆ ಕೆಲಸದವರನ್ನು ಕರೆಯಲೇಬೇಕಾದವರಿಗೂ, ಯಾವ ಕೆಲಸಕ್ಕಾಗಿ ಕರೆಯುತ್ತಿದ್ದೇವೆಂಬುದು ಆಗ ತಿಳಿದಿರುತ್ತದೆ.