ದೇಣಿಗೆ ಡಬ್ಬಿಯಿಂದ ಅಛಾಮ್‌ನ ಆಸ್ಪತ್ರೆಯವರೆಗೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ರಾತ್ರಿಯಿಡೀ ಕಾವಲು ಕಾಯುವವರನ್ನು, ಹೋಟೆಲುಗಳ ಅಡುಗೆಮನೆಯಲ್ಲಿ ದುಡಿಯುವವರನ್ನು ‘ಊರು ಯಾವುದು’ ಎಂದು ವಿಚಾರಿಸಿದರೆ ಅನೇಕರು ನೇಪಾಳ ಎನ್ನುತ್ತಾರೆ. ಅವರಲ್ಲಿ ಹಲವರು ಆ ದೇಶದ ದೂರ ಪಶ್ಚಿಮದ ಗುಡ್ಡಗಾಡು ಜಿಲ್ಲೆಗಳಿಂದ ಬಂದವರು. ಅಛಾಮ್ ಅಂಥ ಜಿಲ್ಲೆಗಳಲ್ಲೊಂದು. ಹೊಲದ ಬೆಳೆ ವರ್ಷದ ಊಟಕ್ಕೆ ಸಾಲದೆ ಅಲ್ಲಿನ ಗಂಡಸರು ತಲೆಮಾರುಗಳಿಂದ ಭಾರತದ ನಗರಗಳಿಗೆ ದುಡಿಯಲು ಬರುತ್ತಿದ್ದಾರೆ. ಊರಿನಲ್ಲಿ ಉಳಿದ ಹೆಂಗಸರು, ಮಕ್ಕಳು, ವೃದ್ಧರು ಕಾಯಿಲೆ ಬಿದ್ದರೆ ಗತಿಯೇನು? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕೆಲವು ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು.

ಜೇಸನ್ ಆಂಡ್ರ್ಯೂಸ್, ಸಂಜಯ್ ಬಸು ಮತ್ತು ಡಂಕನ್ ಮಾರು ಎಂಬ ವಿದ್ಯಾರ್ಥಿಗಳು 2006ರ ಸುಮಾರಿಗೆ ‘ನ್ಯಾಯ ಹೆಲ್ತ್’ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಹೆಸರಿನ ‘ನ್ಯಾಯ’ ನಮ್ಮ ಕನ್ನಡದ ನ್ಯಾಯವೇ. ನೇಪಾಳಿಯಲ್ಲೂ ಅದಕ್ಕೆ ಅದೇ ಅರ್ಥ. ಹತ್ತು ವರ್ಷಗಳ ಅಂತರ್ಯುದ್ಧ ಆಗಷ್ಟೇ ಮುಗಿದಿತ್ತು. ಸುಮಾರು ಎರಡೂವರೆ ಲಕ್ಷ ಜನಸಂಖ್ಯೆಯ ಅಛಾಮ್‌ನಲ್ಲಿ ವೈದ್ಯರ ತೀವ್ರ ಕೊರತೆಯಿತ್ತು. ವಲಸೆ ಕಾರ್ಮಿಕರ ಕುಟುಂಬಗಳಲ್ಲಿ ಎಚ್‌ಐವಿ ಸೋಂಕು ಹರಡಿದ್ದರೂ ಅದಕ್ಕೆ ಚಿಕಿತ್ಸೆ ಕೈಗೆಟುಕುವಂತಿರಲಿಲ್ಲ. 2008ರಲ್ಲಿ ಸಾಂಫೆಬಗರ್ ಎಂಬಲ್ಲಿ ಪುಟ್ಟ ಚಿಕಿತ್ಸಾಲಯವೊಂದು ಆರಂಭವಾಯಿತು. ಸರ್ಕಾರ ಕಟ್ಟಿಸಿಯೂ ವರ್ಷಗಟ್ಟಲೆ ಪಾಳುಬಿದ್ದಿದ್ದ ಬಯಲ್‌ಪಾಟಾ ಆಸ್ಪತ್ರೆ 2009ರಲ್ಲಿ ಸರ್ಕಾರದೊಂದಿಗಿನ ಒಪ್ಪಂದದ ಮೇರೆಗೆ ಬಾಗಿಲು ತೆರೆಯಿತು. ಅಲ್ಲಿ ಚಿಕಿತ್ಸೆಗೆ ರೋಗಿಗಳಿಂದ ಶುಲ್ಕ ಪಡೆಯಲಿಲ್ಲ.

ಚಂದಾ ಎತ್ತುವ ಬಗೆ

ಗಣೇಶೋತ್ಸವಕ್ಕೆ ಮನೆಮನೆಗೆ ಹೋಗಿ ಚಂದಾ ಎತ್ತುವುದು ನಮಗೆ ಹೊಸದಲ್ಲ. ಅಮೆರಿಕ, ಯುರೋಪುಗಳ ವಿದ್ಯಾರ್ಥಿಗಳೂ ಹೆಚ್ಚುಕಡಿಮೆ ಇದನ್ನೇ ಮಾಡುತ್ತಾರೆ. ಕ್ಯಾಂಪಸ್ಸಿನಲ್ಲಿ ಮನೆಯಲ್ಲೇ ತಯಾರಿಸಿದ ಕೇಕು, ಬಿಸ್ಕತ್ತು ಮಾರುವುದು, ಸಹಾಯಾರ್ಥ ಸಂಗೀತ ಕಾರ್ಯಕ್ರಮ, ಓಟದ ಸ್ಪರ್ಧೆ, ಈಗೀಗ ಅಂತರ್ಜಾಲದ ಮೂಲಕ ಮನವಿ - ಹೀಗೆ ಹಲವು ದಾರಿಗಳಿವೆ. ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು 2005ರಲ್ಲಿ ಆರಂಭಿಸಿದ ‘ಫೇಸ್ ಏಡ್ಸ್’ ಎಂಬ ಸಂಘಟನೆ, ಆಫ್ರಿಕಾದ ಎಚ್‌ಐವಿ ಸೋಂಕಿತರೇ ಮಣಿ ಪೋಣಿಸಿ ತಯಾರಿಸಿದ ಪಿನ್ನುಗಳನ್ನು ಕಾಲೇಜುಗಳಲ್ಲಿ ಮಾರಿ ಹಣ ಕೂಡಿಸಿತು. ತಯಾರಿಸಿದವರಿಗೆ ದುಡಿಮೆ ದೊರೆಯಿತು. ಸಂಗ್ರಹವಾದ ಹಣ ಚಿಕಿತ್ಸಾ ಯೋಜನೆಗಳಿಗೆ ಹೋಯಿತು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಗ್ಲೋಬ್‌ಮೆಡ್’ ಇನ್ನೊಂದು ಕ್ರಮವನ್ನು ಹಾಕಿಕೊಟ್ಟಿತು. ಅದರಂತೆ ಒಂದು ಕಾಲೇಜಿನ ಘಟಕ ಬಡ ದೇಶವೊಂದರ ಒಂದೇ ಸ್ಥಳೀಯ ಆರೋಗ್ಯ ಸಂಸ್ಥೆಯ ಜೊತೆ ದೀರ್ಘಕಾಲದ ನಂಟು ಬೆಳೆಸಬೇಕು. ಹಳೆಯ ವಿದ್ಯಾರ್ಥಿಗಳು ಪದವಿ ಪಡೆದು ಹೋದರೂ ಹೊಸಬರು ಆ ಹೊಣೆಯನ್ನು ಮುಂದುವರಿಸಬೇಕು.

ಈ ಕೊನೆಯ ಅಂಶ ಮುಖ್ಯವಾದುದು. ವಿದ್ಯಾರ್ಥಿ ಕಾಲೇಜಿನಲ್ಲಿರುವುದು ಮೂರೋ ನಾಲ್ಕೋ ವರ್ಷ. ಆದರೆ ಸಕ್ಕರೆ ಕಾಯಿಲೆಯವರಿಗೂ ಎಚ್‌ಐವಿ ಸೋಂಕಿತರಿಗೂ ಮಾತ್ರೆ ಜೀವನಪರ್ಯಂತ ಬೇಕು. ಉತ್ಸಾಹದ ಆಯುಷ್ಯಕ್ಕೂ ಕಾಯಿಲೆಯ ಆಯುಷ್ಯಕ್ಕೂ ಇರುವ ಈ ಅಂತರವೇ ಇಂಥ ಯೋಜನೆಗಳ ಮೂಲ ಸಮಸ್ಯೆ.

ಕಟ್ಟಡ ಸುಲಭ, ಸಂಬಳ ಕಷ್ಟ

ದಾನಿಗಳಿಗೆ ಕಣ್ಣಿಗೆ ಕಾಣುವ ವಸ್ತು ಬೇಕು. ಕಟ್ಟಡಕ್ಕೆ, ಆಂಬ್ಯುಲೆನ್ಸಿಗೆ, ಎಕ್ಸ್‌ರೇ ಯಂತ್ರಕ್ಕೆ ಹಣ ಕೊಡುವವರು ಸಿಗುತ್ತಾರೆ. ಫಲಕದ ಮೇಲೆ ಹೆಸರು ಕೆತ್ತಿಸಬಹುದು. ಆದರೆ ಆ ಯಂತ್ರ ನಡೆಸುವವನ ತಿಂಗಳ ಸಂಬಳಕ್ಕೆ, ಆಂಬ್ಯುಲೆನ್ಸಿನ ಡೀಸೆಲ್‌ಗೆ, ಔಷಧದ ದಾಸ್ತಾನಿಗೆ ಹಣ ಕೇಳಿದರೆ ಕೈ ಹಿಂದಾಗುತ್ತದೆ. ಬಯಲ್‌ಪಾಟಾದ ಹಳೆಯ ಕಟ್ಟಡವೇ ಇದಕ್ಕೆ ಸಾಕ್ಷಿ. ಗೋಡೆಗಳಿದ್ದವು, ಒಳಗೆ ವೈದ್ಯರಿರಲಿಲ್ಲ.

ಸಮುದಾಯ ಆರೋಗ್ಯವೆಂದರೆ ಆಸ್ಪತ್ರೆ ಮಾತ್ರವಲ್ಲ. ಮನೆಬಾಗಿಲಿಗೆ ಬಂದು ಗರ್ಭಿಣಿಯನ್ನು ವಿಚಾರಿಸುವ, ಮಗುವಿನ ತೂಕ ನೋಡುವ, ಮಾತ್ರೆ ತಪ್ಪಿಸಿದವರನ್ನು ಎಚ್ಚರಿಸುವ ಕಾರ್ಯಕರ್ತೆ ಅದರ ಜೀವಾಳ. ನೇಪಾಳ ಸರ್ಕಾರ 1988ರಲ್ಲೇ ಮಹಿಳಾ ಆರೋಗ್ಯ ಸ್ವಯಂಸೇವಕಿಯರ ಯೋಜನೆ ಆರಂಭಿಸಿದ್ದು, ಅವರ ಸಂಖ್ಯೆ 50 ಸಾವಿರವನ್ನು ಮೀರಿತು. ಆದರೆ ಹೆಸರೇ ಹೇಳುವಂತೆ ಅದು ಸಂಬಳದ ಕೆಲಸವಲ್ಲ. ನ್ಯಾಯ ಹೆಲ್ತ್ ಬಳಗ ಮುಂದೆ ಸ್ಥಳೀಯ ಮಹಿಳೆಯರಿಗೆ ತರಬೇತಿಯ ಜೊತೆಗೆ ಸಂಬಳವನ್ನೂ ಕೊಟ್ಟು, ಮೊಬೈಲ್‌ನಲ್ಲಿ ಮಾಹಿತಿ ದಾಖಲಿಸುವ ವ್ಯವಸ್ಥೆ ರೂಪಿಸಿ, ಅವರ ಕೆಲಸವನ್ನು ಆಸ್ಪತ್ರೆಯೊಂದಿಗೆ ಬೆಸೆಯಿತು. 2005ರಿಂದ ನಮ್ಮಲ್ಲಿರುವ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೀದಿಗಿಳಿದು ಹೋರಾಡಿದ್ದನ್ನು ಕಂಡವರಿಗೆ ಈ ಸಂಬಳದ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ.

ಸಂಸ್ಥೆ ತನ್ನ ಆಯವ್ಯಯದ ವಿವರಗಳನ್ನು ಅಂತರ್ಜಾಲದಲ್ಲಿ ಬಹಿರಂಗವಾಗಿಟ್ಟಿತು. 2014ರಲ್ಲಿ ಅದರ ಹೆಸರು ‘ಪಾಸಿಬಲ್’ ಎಂದಾಯಿತು. 2019ರ ಹೊತ್ತಿಗೆ ಸ್ಥಳೀಯ ಮಣ್ಣನ್ನೇ ಗಟ್ಟಿಸಿ ಕಟ್ಟಿದ ಗೋಡೆಗಳ ಹೊಸ ಆಸ್ಪತ್ರೆ ಎದ್ದು ನಿಂತಿತು. ಅದನ್ನು ನಡೆಸುವ ಹೊಣೆ ಮುಂದೆ ನೇಪಾಳದಲ್ಲೇ ನೋಂದಣಿಯಾದ ಸಂಸ್ಥೆಯ ಪಾಲಿಗೆ ಬಂತು. ವಿದ್ಯಾರ್ಥಿಗಳು ಆರಂಭಿಸಿದ ಕೆಲಸ ವಿದ್ಯಾರ್ಥಿಗಳಿಲ್ಲದೆಯೂ ನಡೆಯುವಂತಾಯಿತು. ಇದನ್ನೇ ಯಶಸ್ಸು ಎನ್ನಬೇಕು.

ವಿಮಾನ ಟಿಕೆಟ್ಟಿನ ಪ್ರಶ್ನೆ

ಎಲ್ಲ ಪ್ರಯತ್ನಗಳೂ ಹೀಗಿರುವುದಿಲ್ಲ. ಎರಡು ವಾರದ ‘ಸೇವಾ ಪ್ರವಾಸ’ಕ್ಕೆಂದು ಚಂದಾ ಎತ್ತಿ, ಅದರ ಬಹುಪಾಲನ್ನು ವಿಮಾನ ಪ್ರಯಾಣ, ಊಟ, ವಸತಿಗೆ ವ್ಯಯಿಸುವುದೂ ಉಂಟು. ಸ್ಥಳೀಯ ಭಾಷೆ ಬಾರದ, ತರಬೇತಿ ಮುಗಿಯದ ವಿದ್ಯಾರ್ಥಿ ತನ್ನ ದೇಶದಲ್ಲಿ ಮಾಡಲಾಗದ ಚಿಕಿತ್ಸೆಯನ್ನು ಬಡ ದೇಶದಲ್ಲಿ ಮಾಡಹೊರಡುವುದು ಸೇವೆಯಲ್ಲ, ಅಪಾಯ. ಹಣಕ್ಕಾಗಿ ಬಳಸುವ ಚಿತ್ರಗಳ ಮೇಲೂ ಆಕ್ಷೇಪವಿದೆ. ನಾರ್ವೆಯ ವಿದ್ಯಾರ್ಥಿಗಳ ನೆರವು ಸಂಸ್ಥೆ ‘ಎಸ್‌ಎಐಎಚ್’ 2012ರಲ್ಲಿ ಒಂದು ವ್ಯಂಗ್ಯ ವಿಡಿಯೋ ಹೊರತಂದಿತು. ಅದರಲ್ಲಿ ಆಫ್ರಿಕಾದವರು ಚಳಿಯಲ್ಲಿ ನಡುಗುವ ನಾರ್ವೆಯವರ ಮೇಲೆ ಕನಿಕರಪಟ್ಟು ಕೋಣೆ ಬಿಸಿ ಮಾಡುವ ರೇಡಿಯೇಟರುಗಳನ್ನು ದಾನ ಕಳಿಸುತ್ತಾರೆ! ಒಂದೇ ಚಿತ್ರದಿಂದ ಇಡೀ ನಾಡನ್ನು ದೀನವಾಗಿ ತೋರಿಸಿದರೆ ಹೇಗನ್ನಿಸುತ್ತದೆ ಎಂಬುದನ್ನು ನಗಿಸುತ್ತಲೇ ಅದು ಮನಗಾಣಿಸಿತು.

ನಮ್ಮ ನಾಡಿನ ನಂಟು

ಕರ್ನಾಟಕದಲ್ಲಿ ವಿದ್ಯಾರ್ಥಿಗಳಿಂದಲೇ ಆರಂಭವಾದ ಆರೋಗ್ಯ ಸೇವೆಯ ನಿದರ್ಶನವಿದೆ. ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಸ್ಥಾಪಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಎಚ್.ಡಿ. ಕೋಟೆ ಸೀಮೆಯ ಆದಿವಾಸಿಗಳ ನಡುವೆ ಕೆಲಸಕ್ಕಿಳಿದು ಸರಗೂರಿನಲ್ಲಿ ಆಸ್ಪತ್ರೆ ಕಟ್ಟಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಈ ಸಂಸ್ಥೆಗೆ ಅಧ್ಯಯನಕ್ಕೆಂದು ಬಂದಿದ್ದಾರೆ. ಇಲ್ಲಿ ಹೊರಗಿನವರು ಕಲಿಯುವವರು, ಸ್ಥಳೀಯರು ಕಲಿಸುವವರು.

ವಿದೇಶದಿಂದ ಇಲ್ಲಿಗೆ ಹಣ ಬರುವುದಾದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಅನುಮತಿ ಬೇಕು. 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿತು. ಆದ್ದರಿಂದ ಹೊರನಾಡಿನಲ್ಲಿ ಓದುತ್ತಿರುವ ಕನ್ನಡದ ಮಕ್ಕಳು ತಮ್ಮೂರಿನ ಆಸ್ಪತ್ರೆಗೆಂದು ಹಣ ಕೂಡಿಸುವ ಮುನ್ನ ಆ ಸಂಸ್ಥೆಗೆ ಅನುಮತಿ ಇದೆಯೇ ಎಂದು ವಿಚಾರಿಸುವುದು ಒಳಿತು.

ಹಾಗಾದರೆ ದೇಣಿಗೆ ಕೇಳಿ ಬಂದ ವಿದ್ಯಾರ್ಥಿಗೆ ನಾವು ಏನು ಕೇಳಬೇಕು? ಈ ಯೋಜನೆ ಬೇಕೆಂದವರು ಯಾರು, ನೀವೋ ಅಲ್ಲಿನ ಜನರೋ? ಹಣದಲ್ಲಿ ಪ್ರಯಾಣಕ್ಕೆಷ್ಟು, ಅಲ್ಲಿನ ಕಾರ್ಯಕರ್ತೆಗೆಷ್ಟು? ನೀವು ಪದವಿ ಪಡೆದು ಹೋದ ಮೇಲೆ ಆಕೆಗೆ ಸಂಬಳ ಕೊಡುವವರು ಯಾರು? ಈ ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಡಬ್ಬಿಗೆ ಧಾರಾಳವಾಗಿ ಹಾಕಬಹುದು. ನಮ್ಮ ಗೇಟು ಕಾಯುವವನ ಊರಿನಲ್ಲಿ ಅವನ ಮನೆಯವರ ಆರೋಗ್ಯ ಕಾಯುವವರೂ ಇರಬೇಕಲ್ಲವೇ?